ನಾನು ರಜೆಯಲ್ಲಿರಲಿಲ್ಲ

ಮಾರ್ಚ್ ೩, ಸೋಮವಾರ

ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್, ಇವರಿಗೆ ಹೇಳಿದರೆ ಲಿಫ್ಟ್ ರಿಪೇರಿ ಮಾಡುವಷ್ಟೇ ಉತ್ಸಾಹದಿಂದ ನನ್ನನ್ನೂ ರಿಪೇರಿ ಮಾಡಲು ಹೊರಡುತ್ತಾರೆ. ಅತ್ತೆಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಡೈರಿಗೆ ಬಾಯಿಲ್ಲ, ಅದೇ ವಾಸಿ.

ದೊಡ್ಡ ವಿಷಯವೇನಲ್ಲ. ಅಂಗಡಿಯಲ್ಲಿ ನನ್ನ ಜಾಗ ಬದಲಾಗಿದೆ. ಹತ್ತು ಹನ್ನೊಂದು ವರ್ಷದಿಂದ ಮುಂದೆ, ದೊಡ್ಡ ಕನ್ನಡಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಮುಖಕ್ಕೆ ಕನ್ನಡಕ ಹೊಂದಿಸುವುದು ನನ್ನ ಕೆಲಸವಾಗಿತ್ತು. ಇವತ್ತಿನಿಂದ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವುದು.

ಆಗಿದ್ದು ಇಷ್ಟೇ. ಹೋದ ವಾರ ಮುತ್ತಿನ ಸರ ಹಾಕಿಕೊಂಡಿದ್ದ ಒಬ್ಬ ಹೆಂಗಸು ಬಂದಿದ್ದರು. ಫ್ರೇಮ್ ಆರಿಸಿ ಕೂತರು. ಕನ್ನಡಕದ ಕಡ್ಡಿ ಸರಿಯಾಗಿದೆಯೇ ಎಂದು ನೋಡಲು ನಾನು ಕಿವಿಯ ಹಿಂದೆ ಬೆರಳಿಡುವಷ್ಟರಲ್ಲಿ ಬಿಸಿ ತಗುಲಿದವರ ಹಾಗೆ ತಲೆ ಹಿಂದಕ್ಕೆ ಎಳೆದುಕೊಂಡರು. "ಬೇರೆ ಯಾರೂ ಇಲ್ವಾ?" ಅಂತ ಕೇಳಿದರು. ಕೇಳಿದ್ದು ನನ್ನನ್ನಲ್ಲ, ನನ್ನ ತಲೆಯ ಮೇಲಿಂದ ಅಂಗಡಿ ಯಜಮಾನರನ್ನು. ಯಜಮಾನರು ತಾವೇ ಬಂದು ಹೊಂದಿಸಿಕೊಟ್ಟರು.

ಇವತ್ತು ಬೆಳಿಗ್ಗೆ ಕರೆದು, "ನೋಡಮ್ಮ, ಜನ ಏನಾದ್ರೂ ಅಂದು ನಿನ್ನ ಮನಸ್ಸಿಗೆ ಬೇಜಾರಾಗೋದು ನಂಗಿಷ್ಟ ಇಲ್ಲ. ಸ್ವಲ್ಪ ದಿನ ಒಳಗೆ ಆರಾಮಾಗಿ ಇರು" ಅಂದರು. "ಪರವಾಗಿಲ್ಲ ಸರ್" ಅಂದೆ.

ಅವರು ಒಳ್ಳೆಯವರು. ಈ ಕೆಲಸ ಕೈ ಹಿಡಿದು ಕಲಿಸಿದವರೇ ಅವರು. ಬೆರಳುಗಳ ಮೇಲೆ ಅದು ಶುರುವಾಗಿ ವರ್ಷವಾಯಿತು. ಮೊದಲು ಉಗುರಿನ ಸುತ್ತ ಬೆಳ್ಳಗೆ ಬಂತು, ಆಮೇಲೆ ಗೆಣ್ಣುಗಳ ಮೇಲೆ, ಈಗ ತುಟಿಯ ಅಂಚಿಗೂ ಬಂದಿದೆ. ಇಷ್ಟು ದಿನ ಅವರು ಒಂದು ಮಾತೂ ಆಡಿರಲಿಲ್ಲ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಡೈರಿಗೂ ಹತ್ತೀತು ಎಂದು ಯಾರಾದರೂ ಹೆದರಿಯಾರು.

ಮಾರ್ಚ್ ೫, ಬುಧವಾರ

ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಒಂದು ಟ್ಯೂಬ್‌ಲೈಟ್, ಒಂದು ಫ್ಯಾನು, ಉಜ್ಜುವ ಮಿಶಿನ್ನು. ಲೆನ್ಸಿನ ಮೇಲೆ ನೀರು ಚಿಮ್ಮುತ್ತಲೇ ಇರಬೇಕು, ಇಲ್ಲದಿದ್ದರೆ ಬಿಸಿಯಾಗಿ ಬಿರುಕು ಬಿಡುತ್ತದೆ. ಸಂಜೆಯ ಹೊತ್ತಿಗೆ ತೋಳೆಲ್ಲ ಬಿಳಿ ಪುಡಿ. ಮನೆಗೆ ಬಂದಾಗ ಇವರು ನೋಡಿ, "ಏನು, ಹಿಟ್ಟಿನ ಗಿರಣೀಲಿ ಕೆಲಸ ಸಿಕ್ತಾ?" ಅಂದರು. ನಗು ಬಂತು.

ಅನುಕೂಲವೂ ಇದೆ. ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳುವ ಕಾಟ ಇಲ್ಲ. ಯಾರೂ ನೋಡುವುದಿಲ್ಲ. ಆರಾಮ.

ಮಾರ್ಚ್ ೧೦, ಸೋಮವಾರ

ನನ್ನ ಸ್ಟೂಲಿಗೆ ಹೊಸಬ ಬಂದಿದ್ದಾನೆ. ಮೊದಲು ಲೆನ್ಸ್ ಕಂಪನಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದವನು. ಅಂಗಡಿಯೊಳಗೂ ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡೇ ಇರುತ್ತಾನೆ. ಅವನಿಗೆ ಕೂಲಿಂಗ್ ಗ್ಲಾಸ್ ಎಂದು ಹೆಸರಿಟ್ಟಿದ್ದೇನೆ. ಮೂಗು ಚೆನ್ನಾಗಿದೆ, ಯಾವ ಫ್ರೇಮ್ ಬೇಕಾದರೂ ಕೂರುತ್ತದೆ. ಹಾಗಂತ ಬೇರೆಯವರ ಮೂಗಿನ ಕಷ್ಟ ಅವನಿಗೆ ತಿಳಿಯಬೇಕಲ್ಲ.

ಒಳಗೆ ಕೂತರೂ ಕಿವಿ ಮುಂದೆಯೇ ಇರುತ್ತದೆ. "ಟೈಟಾ? ಲೂಸಾ?" ಅಂತ ಗಿರಾಕಿಗಳನ್ನೇ ಕೇಳುತ್ತಾನೆ. ಅವರಿಗೇನು ಗೊತ್ತು? ಹೊಸ ಕನ್ನಡಕ ಹಾಕಿದ ಸಂತೋಷದಲ್ಲಿ ಎಲ್ಲರೂ ಸರಿಯಾಗಿದೆ ಅಂತಲೇ ಹೇಳುತ್ತಾರೆ. ಎರಡು ದಿನ ಕಳೆದ ಮೇಲೆ ಕಿವಿಯ ಹಿಂದೆ ಕೆಂಪಗಾಗಿ ವಾಪಸ್ ಬರುತ್ತಾರೆ. ಕಿರುಬೆರಳನ್ನು ಕಡ್ಡಿ ಮತ್ತು ಕಿವಿಯ ನಡುವೆ ಜಾರಿಸಿ ನೋಡಬೇಕು. ಎರಡು ಕಿವಿಯೂ ಒಂದೇ ಎತ್ತರದಲ್ಲಿರುವ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಯಜಮಾನರಿಗೇ ಎಡಗಿವಿ ಮೇಲಿದೆ.

ಹೋಗಿ ಹೇಳಿಕೊಡೋಣ ಅನ್ನಿಸಿತು. ಎದ್ದೆ. ಮತ್ತೆ ಕೂತೆ. ಕರೆದರೆ ಹೋಗೋಣ ಅಂದುಕೊಂಡೆ. ಕರೆಯಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಪೋಸ್ಟ್ ಮಾಸ್ಟರು ಬಂದಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಆದರೂ ನಾವೆಲ್ಲ ಹಾಗೇ ಕರೆಯುವುದು. ಅವರದ್ದು ಮಹಾ ಮೂಗು. ಅವರ ಕನ್ನಡಕಕ್ಕೆ ನಾನಲ್ಲದೆ ಬೇರೆ ಯಾರೂ ಕೈ ಹಾಕುವಂತಿಲ್ಲ ಎಂದು ಅವರೇ ಮಾಡಿಕೊಂಡ ಕಾನೂನು.

ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. "ಎಲ್ರೀ ನಮ್ಮ ಹುಡುಗಿ?" ಅಂದರು. ನನ್ನ ವಯಸ್ಸಿಗೆ ಹುಡುಗಿ ಅನ್ನುವವರು ಅವರೊಬ್ಬರೇ. ಎದ್ದು ಹೋಗಲು ಕೈ ಒರೆಸಿಕೊಳ್ಳುತ್ತಿದ್ದೆ.

ಯಜಮಾನರು ಹೇಳಿದರು: "ಅವರು ರಜೆಯಲ್ಲಿದ್ದಾರೆ."

ನಾನು ಮಿಶಿನ್ ಆಫ್ ಮಾಡಿದೆ.

ಮಾರ್ಚ್ ೧೫, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ. ಅಂದರೆ ಬರೆದಿದ್ದು ಅರ್ಧ.

ಮಿಶಿನ್ ಯಾಕೆ ಆಫ್ ಮಾಡಿದೆ? ಒಳಗೆ ಯಾರೋ ಕೆಲಸ ಮಾಡುತ್ತಿರುವ ಸದ್ದು ಕೇಳಿದರೆ ಪೋಸ್ಟ್ ಮಾಸ್ಟರು ಒಳಗೆ ಇಣುಕುತ್ತಿದ್ದರು. ಯಜಮಾನರ ಸುಳ್ಳು ಬಯಲಾಗುತ್ತಿತ್ತು. ಅವರಿಗೆ ಅವಮಾನ ಆಗಬಾರದು ಅಂತ ನಾನು ಉಸಿರು ಬಿಗಿಹಿಡಿದು, ಒದ್ದೆ ಲೆನ್ಸ್ ಕೈಯಲ್ಲಿ ಹಿಡಿದುಕೊಂಡು, ಕಳ್ಳಿಯ ಹಾಗೆ ನಿಂತಿದ್ದೆ. ಪೋಸ್ಟ್ ಮಾಸ್ಟರು ಹೋಗುವವರೆಗೂ.

ನನ್ನ ಅಂಗಡಿಯಲ್ಲಿ ನಾನೇ ಇಲ್ಲದವಳಾಗಲು ನಾನೇ ಸಹಾಯ ಮಾಡಿದೆ. ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯುತ್ತದೆ ಅಂತ ಗೊತ್ತಾಗುತ್ತಿಲ್ಲ.

ಯಜಮಾನರು ಆಮೇಲೆ ಒಳಗೆ ಬಂದು ಟೀ ಇಟ್ಟು ಹೋದರು. ಟೀಯಲ್ಲಿ ಸಕ್ಕರೆ ಜಾಸ್ತಿ ಇತ್ತು.

ಮಾರ್ಚ್ ೧೬, ಭಾನುವಾರ

ಬಾಯಿ ತಪ್ಪಿ ದೊಡ್ಡ ಎಡವಟ್ಟು ಮಾಡಿಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ನಾನು, ಇವರು, ಅತ್ತೆ. "ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ?" ಅಂತ ಇವರು ಕೇಳಿದರು. ಕಟ್ಟೆ ಒಡೆದುಹೋಯಿತು. ಹಿಂದಿನ ಕೋಣೆ, ಕೂಲಿಂಗ್ ಗ್ಲಾಸ್, ರಜೆ, ಎಲ್ಲ ಹೇಳಿಬಿಟ್ಟೆ. "ಇಷ್ಟು ವರ್ಷ ದುಡಿದಿದ್ದಕ್ಕೆ ಈಗ ಮಲತಾಯಿ ಧೋರಣೆ! ಅವನಿಗೊಂದು ನ್ಯಾಯ, ನನಗೊಂದು ನ್ಯಾಯ" ಅಂದೆ.

ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಯಾಕೆ ಅಂತ ಆಗಲೂ ಹೊಳೆಯಲಿಲ್ಲ. ಅತ್ತೆ ಅರ್ಧ ಊಟದಲ್ಲಿ ಎದ್ದು, ತಟ್ಟೆ ತೊಳೆದಿಟ್ಟು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಗ ತಲೆಗೆ ಹೋಯಿತು. ಇವರಿಗೆ ಎರಡು ವರ್ಷವಾಗಿದ್ದಾಗ ಹೆತ್ತ ತಾಯಿ ತೀರಿಕೊಂಡರು. ಮುಂದಿನ ವರ್ಷ ಅತ್ತೆ ಈ ಮನೆಗೆ ಬಂದರು. ಇವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಅತ್ತೆ. ಇವರ ತಂಗಿ, ನನ್ನ ನಾದಿನಿ, ಅತ್ತೆಯ ಸ್ವಂತ ಮಗಳು. ಮದುವೆಯಾದ ಹೊಸದರಲ್ಲಿ ಯಾರೋ ಹೇಳಿದ್ದರು, ಮರೆತೇ ಹೋಗಿತ್ತು. ನೆನಪಿಟ್ಟುಕೊಳ್ಳುವಂಥದ್ದು ಏನೂ ಈ ಮನೆಯಲ್ಲಿ ಯಾವತ್ತೂ ನಡೆದಿಲ್ಲ.

ನನ್ನ ನಾಲಿಗೆಗೆ ಬರೆ ಹಾಕಬೇಕು.

ಮಾರ್ಚ್ ೧೮, ಮಂಗಳವಾರ

ಅತ್ತೆ ಮಾತು ಬಿಟ್ಟಿದ್ದಾರೆ. ಇವರ ಮೂಲಕ ವ್ಯವಹಾರ. "ಕೇಳು ಅವಳನ್ನ, ಟೀ ಕುಡೀತಾಳಾ ಅಂತ." ನಾನು ಅಲ್ಲೇ ನಿಂತಿರುತ್ತೇನೆ. ಇವರು ತಿರುಗಿ, "ಟೀ ಕುಡೀತೀಯಾ?" ಅನ್ನುತ್ತಾರೆ. "ಕುಡೀತೀನಿ ಅಂತ ಹೇಳಿ." ಇವರಿಗೆ ಒಳಗೊಳಗೇ ಮಜ.

ಮನೆಯಲ್ಲೂ ಅಂಗಡಿಯಲ್ಲೂ ನಾನು ಇದ್ದೂ ಇಲ್ಲದವಳು.

ಮಾರ್ಚ್ ೨೦, ಗುರುವಾರ

ಅತ್ತೆ ಮಾತಾಡಿದರು. ಒಂದಿಷ್ಟೂ ಬಿಡದೆ ಬರೆದಿಡಬೇಕು.

ಸಂಜೆ ಬಂದಾಗ ಒಗೆದ ಬಟ್ಟೆಯ ರಾಶಿ ಮಂಚದ ಮೇಲಿತ್ತು. ಅತ್ತೆ ಮಡಚುತ್ತಿದ್ದರು. ನಾನೂ ಹೋಗಿ ಹಾಸುಬಟ್ಟೆಯ ಇನ್ನೊಂದು ಅಂಚು ಹಿಡಿದೆ. ಹಾಸುಬಟ್ಟೆ ಮಡಚಲು ಎದುರುಬದುರು ನಿಲ್ಲಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. "ಅತ್ತೆ, ತಪ್ಪಾಯ್ತು" ಅಂದೆ.

"ನಿಂದೇನು ತಪ್ಪು? ಎಲ್ಲರೂ ಹೇಳೋದನ್ನೇ ನೀನೂ ಹೇಳಿದೆ" ಅಂದರು. "ಪೇಪರ್ ತೆಗೆದ್ರೆ ಸಾಕು. ಆ ಊರಿಗೆ ನೀರು ಕೊಟ್ಟಿಲ್ಲ, ಮಲತಾಯಿ ಧೋರಣೆ. ಈ ಊರಿಗೆ ರೈಲು ಬಿಟ್ಟಿಲ್ಲ, ಮಲತಾಯಿ ಧೋರಣೆ. ನಾನೇನೇ ರೈಲು ಬಿಡೋದು ನಿಲ್ಸಿದ್ದು?"

ನಗಬಾರದು ಅಂತ ತುಟಿ ಕಚ್ಚಿದೆ. ಅವರೇ ನಕ್ಕರು. ಆಮೇಲೆ ಮಂಚದ ಮೇಲೆ ಕೂತರು.

"ಈ ಮನೆಗೆ ಬಂದ ದಿನದಿಂದ ಅಕ್ಕಪಕ್ಕದವರ ಕಣ್ಣೆಲ್ಲ ನನ್ನ ಕೈ ಮೇಲೆ. ಅವನಿಗೆ ಎಷ್ಟು ಹಾಕ್ತಾಳೆ, ಇವಳಿಗೆ ಎಷ್ಟು ಹಾಕ್ತಾಳೆ ಅಂತ. ಹೆದರಿಹೋದೆ ಕಣಮ್ಮ. ಅವನಿಗೆ ಹಾಲು ಲೋಟ ತುಂಬ, ನನ್ನ ಮಗಳಿಗೆ ಮುಕ್ಕಾಲು. ಅವನಿಗೆ ಹೊಸ ಬೂಟು, ಅವಳಿಗೆ ಅವನ ಹಳೇದು. ಒಂದ್ಸಲ ಸ್ಕೂಲಲ್ಲಿ ಪ್ರವಾಸ ಇತ್ತು. ಇಬ್ಬರನ್ನೂ ಕಳ್ಸೋಷ್ಟು ದುಡ್ಡಿರಲಿಲ್ಲ. ಯೋಚನೇನೂ ಮಾಡ್ಲಿಲ್ಲ, ಅವನನ್ನ ಕಳಿಸಿದೆ. ಇವಳಿಗೆ ಜ್ವರ ಅಂತ ಟೀಚರ್‌ಗೆ ಹೇಳ್ದೆ. ಜ್ವರ ಎಲ್ಲಿ ಬಂದಿತ್ತು? ಕಿಟಕೀಲಿ ನಿಂತು ಬಸ್ ಹೋಗೋದು ನೋಡ್ತಿದ್ಲು."

ಜ್ವರ ಇಲ್ಲದವಳಿಗೆ ಜ್ವರ. ರಜೆ ಇಲ್ಲದವಳಿಗೆ ರಜೆ.

"ಊರವರೆಲ್ಲ ಹೊಗಳಿದ್ರು. ಮಲತಾಯಿ ಅಂತ ಗೊತ್ತೇ ಆಗಲ್ಲ ಅಂದ್ರು. ಆ ಹೊಗಳಿಕೆಗೆ ನನ್ನ ಮಗಳ ಪಾಲು ಕೊಟ್ಟೆ. ಅದಕ್ಕೆ ಏನಂತಾರೆ ಹೇಳು?"

"ಹೆದರಿ ಮಾಡಿದ್ದಲ್ವಾ ಅತ್ತೆ, ಬೇಕೂಂತ ಮಾಡಿದ್ದಲ್ಲ" ಅಂದೆ.

"ಯಾಕೆ ಮಾಡ್ದೆ ಅಂತ ಕೇಳ್ಲಿಲ್ಲ ನಾನು. ಏನಂತಾರೆ ಅಂತ ಕೇಳ್ದೆ." ಅವರೇ ಹೇಳಿದರು. "ತಾರತಮ್ಯ ಅಂತಾರೆ. ನಾನು ಕೆಟ್ಟವಳಲ್ಲ. ಆದ್ರೂ ಮಾಡಿದ್ದು ತಾರತಮ್ಯಾನೇ."

ಇಬ್ಬರು ಮಕ್ಕಳಿಗೂ ಈ ಮಾತು ಅವರು ಇದುವರೆಗೆ ಹೇಳಿಲ್ಲವಂತೆ.

ಆಮೇಲೆ ನನ್ನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬಿಳಿ ಗೆಣ್ಣುಗಳ ಮೇಲೆ ಹೆಬ್ಬೆರಳಾಡಿಸಿ, "ನಿಮ್ಮ ಯಜಮಾನ ಒಳ್ಳೆಯವನೇ ಇರಬಹುದು. ಒಳ್ಳೇತನದಿಂದ ನಿನಗೇನು ಬಂತು? ಕಾಳಜಿ ಇರೋರು ಮೊದಲು ಕೇಳ್ತಾರಮ್ಮ, ನಿಂಗೆ ಹೇಗೆ ಬೇಕು ಅಂತ. ಕೇಳಿದ್ನಾ?" ಅಂದರು.

ಕೇಳಿರಲಿಲ್ಲ.

ಅಳು ಬಂತು. ಚೆನ್ನಾಗಿ ಅತ್ತುಬಿಟ್ಟೆ. ಅತ್ತೆಯ ಭುಜದ ಮೇಲೆ ಒಗೆದ ಬಟ್ಟೆಯ ವಾಸನೆ ಬರುತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ಯಜಮಾನರಿಗೆ ಹೇಳಬೇಕು ಅಂತ ಹೋದೆ. ಹೇಳಲಿಲ್ಲ.

ಮಾರ್ಚ್ ೨೪, ಸೋಮವಾರ

ಇವತ್ತೂ ಹೇಳಲಿಲ್ಲ. ಆದರೆ ಅಭ್ಯಾಸ ಮಾಡಿದೆ. ಮಿಶಿನ್ ಜೋರಾಗಿ ಓಡುತ್ತಿದ್ದಾಗ ಅದರ ಸದ್ದಿನೊಳಗೆ, "ಸರ್, ಇದು ತಾರತಮ್ಯ" ಅಂತ ನಾಲ್ಕೈದು ಸಲ ಹೇಳಿ ನೋಡಿದೆ. ಭಾಷಣದ ಹಾಗೆ ಕೇಳುತ್ತದೆ. ನಮ್ಮಂಥವರ ಬಾಯಲ್ಲಿ ದಿನಾ ಬರುವ ಪದವಲ್ಲ. ಎಲ್ಲಿ ಕೇಳಿದ್ದೇನೆ ಎಂದು ಯೋಚಿಸಿದೆ. ರೇಡಿಯೋದಲ್ಲಿ, ಗೋಡೆಯ ಮೇಲಿನ ಬರಹಗಳಲ್ಲಿ, ಮಂತ್ರಿಗಳ ಬಾಯಲ್ಲಿ. ದೊಡ್ಡ ದೊಡ್ಡ ಅನ್ಯಾಯಗಳ ಜೊತೆ ಬರುವ ಪದ. ಯಾರಿಗೋ ಶಾಲೆಯ ಬಾಗಿಲು ಮುಚ್ಚಿದಾಗ, ಯಾರಿಗೋ ನೀರು ಮುಟ್ಟಬೇಡ ಅಂದಾಗ. ಅಂಥ ಪದವನ್ನು ತಂದು ಒಂದು ಸ್ಟೂಲಿಗೆ ಹಚ್ಚಬಹುದೇ? ಸಂಬಳ ಕಡಿಮೆ ಮಾಡಿಲ್ಲ. ಬೈದಿಲ್ಲ. ಟೀ ಬೇರೆ ಕೊಡುತ್ತಾರೆ.

ಇವರನ್ನು ಕೇಳಿದೆ. "ಅಲ್ಲ, ಬೇಜಾರು ಅನ್ನು, ಅಸಮಾಧಾನ ಅನ್ನು. ಅಷ್ಟು ದೊಡ್ಡ ಪದ ಹಾಕಿದ್ರೆ ಮನುಷ್ಯ ಗಾಬರಿ ಆಗ್ತಾನೆ" ಅಂದರು.

ಅತ್ತೆ ಒಳಗಿನಿಂದಲೇ, "ಬೇಜಾರು ಅಂದ್ರೆ ಅವಳ ಮನಸ್ಸಲ್ಲಿ ಆಗಿದ್ದು. ಅವನು ಮಾಡಿದ್ದಕ್ಕೂ ಒಂದು ಹೆಸರು ಬೇಡ್ವಾ?" ಅಂದರು. ಇವರು ನನ್ನನ್ನು ನೋಡಿ, "ಮನೇಲಿ ವಕೀಲರಿದ್ದಾರೆ, ಗೊತ್ತೇ ಇರಲಿಲ್ಲ" ಅಂತ ಪಿಸುಗುಟ್ಟಿದರು.

ಒಂದು ವಿಷಯ. ಕೂಲಿಂಗ್ ಗ್ಲಾಸ್ ಇವತ್ತು ಒಳಗೆ ಬಂದು ಒಂದು ಫ್ರೇಮ್ ತೋರಿಸಿ, "ಅಕ್ಕ, ಇದು ಮೂರನೇ ಸಲ ವಾಪಸ್ ಬಂತು. ಏನು ಮಾಡ್ಲಿ?" ಅಂದ. ಕೂರಿಸಿ, ಅವನ ಕಿವಿಯ ಹಿಂದೆಯೇ ಕಿರುಬೆರಳಿಟ್ಟು ತೋರಿಸಿದೆ. ಅವನು ಹಿಂದೆ ಸರಿಯಲಿಲ್ಲ. "ಓಹ್, ಇಲ್ಲಿ ಒತ್ತುತ್ತಾ!" ಅಂದ. ಅವನ ಕಪ್ಪು ಕನ್ನಡಕವೂ ಸೊಟ್ಟಗಿತ್ತು, ಅದನ್ನೂ ಸರಿಮಾಡಿ ಕೊಟ್ಟೆ. ಕಡ್ಡಿ ಬಿಸಿ ಮಾಡಿ ಬಗ್ಗಿಸುವಾಗ ಕೈಗೆ ಏನೋ ಖುಷಿ.

ಮಾರ್ಚ್ ೨೭, ಗುರುವಾರ

ಹೇಳಿದೆ.

ಅಂಗಡಿ ಮುಚ್ಚುವ ಮೊದಲು ಯಜಮಾನರು ಗಾಜಿನ ಕಪಾಟಿನಲ್ಲಿ ಫ್ರೇಮುಗಳನ್ನು ಜೋಡಿಸುತ್ತಿದ್ದರು. ಕೂಲಿಂಗ್ ಗ್ಲಾಸ್ ನೆಲ ಗುಡಿಸುತ್ತಿದ್ದ. ನಾನು ಒಳಗಿನಿಂದ ಬಂದು ಕನ್ನಡಿಯ ಮುಂದೆ ನಿಂತೆ.

"ಸರ್, ನಂಗೆ ನನ್ನ ಜಾಗ ಬೇಕು."

"ಒಳಗೆ ಸೆಕೆನಾ? ಇನ್ನೊಂದು ಫ್ಯಾನ್ ಹಾಕಿಸ್ತೀನಿ ಬಿಡು."

"ಫ್ಯಾನ್ ಬೇಡ ಸರ್. ನೀವು ನಂಗೆ ಮಾಡ್ತಿರೋದು ತಾರತಮ್ಯ."

ಪದ ಹೊರಗೆ ಬಂದಾಗ ಭಾಷಣದ ಹಾಗೇನೂ ಕೇಳಲಿಲ್ಲ. ಕಸಪೊರಕೆಯ ಸದ್ದು ನಿಂತಿತು.

ಯಜಮಾನರ ಮುಖ ಕೆಂಪಾಯಿತು. "ನಾನಾ? ನಿಂಗಾ? ನಿನ್ನ ಸಂಬಳ ಇಳಿಸಿದ್ನಾ? ಒಂದು ದಿನ ಗದರಿದ್ನಾ? ನನ್ನ ಮಗಳ ಥರ ನೋಡ್ಕೊಂಡಿದೀನಲ್ಲಮ್ಮ."

"ಹೌದು ಸರ್. ಅದಕ್ಕೇ ಇಷ್ಟು ದಿನ ಬಾಯಿ ಬರಲಿಲ್ಲ."

"ನಿಂಗೆ ಬೇಜಾರಾಗಬಾರದು ಅಂತ ತಾನೇ ಒಳಗೆ ಕೂರಿಸಿದ್ದು?"

"ಬೇಜಾರು ಮಾಡಿದ್ದು ಆ ಮುತ್ತಿನ ಸರದ ಮೇಡಂ. ಜಾಗ ಬಿಟ್ಟಿದ್ದು ನಾನು."

ಅವರು ಕಪಾಟಿನ ಬಾಗಿಲು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. "ಪೋಸ್ಟ್ ಮಾಸ್ಟರ್ ಬಂದಿದ್ದಾಗ ನೀವು ರಜೆ ಅಂದ್ರಿ" ಅಂದೆ. "ನಾನು ರಜೆಯಲ್ಲಿರಲಿಲ್ಲ ಸರ್. ಒಳಗೇ ಇದ್ದೆ. ನಿಮ್ಮ ಮಾತು ಸುಳ್ಳಾಗಬಾರದು ಅಂತ ಮಿಶಿನ್ ಆಫ್ ಮಾಡಿ ನಿಂತಿದ್ದೆ."

ಅವರಿಗೆ ಇದು ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು.

"ಗಿರಾಕಿಗಳು ಏನಂತಾರೋ ಅಂತ..." ಅಂದರು.

"ನೀವೇನಂತೀರಿ ಸರ್?"

ಅವರು ಬೀಗದ ಕೈ ಹುಡುಕತೊಡಗಿದರು. ನಾನು ಉಳಿದದ್ದನ್ನೂ ಹೇಳಿಬಿಟ್ಟೆ. "ನೀವು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಹಾಗಂದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ. ಮಾಡಿದ್ದರ ಹೆಸರು ಹೇಳ್ತಿದೀನಿ, ಅಷ್ಟೇ."

ಅವರು ಬೀಗದ ಕೈ ತೆಗೆದುಕೊಂಡು ಹೊರಗೆ ಹೋಗಿ ನಿಂತರು. ನಾನು ಚೀಲ ತೆಗೆದುಕೊಂಡು ಬಂದೆ.

ಮನೆಗೆ ಬಂದು ಎರಡು ಲೋಟ ನೀರು ಕುಡಿದೆ. ಅತ್ತೆ ಕೇಳಿದರು, "ಬೈದನಾ?" ಇಲ್ಲ ಅಂದೆ. "ಒಪ್ಪಿಕೊಂಡನಾ?" ಇಲ್ಲ ಅಂದೆ. "ಮತ್ತೆ ಯಾಕೆ ನಗ್ತಿದೀಯ?" ಅಂದರು. ನಗುತ್ತಿದ್ದೆನಂತೆ.

ಮಾರ್ಚ್ ೨೯, ಶನಿವಾರ

ಎರಡು ದಿನದಿಂದ ಯಜಮಾನರದು ಅಗತ್ಯವಿದ್ದಷ್ಟೇ ಮಾತು. ಟೀ ಬಂದಿಲ್ಲ. ಭಯವಾಗುತ್ತಿದೆ. ಈ ವಯಸ್ಸಿನಲ್ಲಿ, ಈ ಕೈ ಇಟ್ಟುಕೊಂಡು, ಇನ್ನೊಂದು ಅಂಗಡಿಯಲ್ಲಿ ಮುಂದಿನ ಸ್ಟೂಲು ಯಾರು ಕೊಡುತ್ತಾರೆ? ಇವರು, "ಬೇಡ ಅಂದ್ರೆ ಬಿಡು, ಲಿಫ್ಟ್ ಬಟನ್ ಒತ್ತೋ ಕೆಲಸ ಕೊಡಿಸ್ತೀನಿ" ಅಂದರು. ಹೊಡೆಯಲು ಹೋದೆ.

ಹೇಳಬಾರದಿತ್ತು ಅಂತ ಅನ್ನಿಸುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಭಯ ಇದೆ. ಆದರೆ ಹೇಳಬಾರದಿತ್ತು ಅಂತ ಇಲ್ಲ.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆ ಯಜಮಾನರು ಒಳಗೆ ಬಂದರು. ಮಿಶಿನ್ ಆಫ್ ಮಾಡು ಅಂತ ಸನ್ನೆ ಮಾಡಿ, ಖಾಲಿ ಡಬ್ಬದ ಮೇಲೆ ಕೂತರು. ಉಜ್ಜಿದ ಒಂದು ಲೆನ್ಸ್ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ನಿನ್ನ ಕೆಲಸದ ಬಗ್ಗೆ ಯಾರೂ ದೂರು ಹೇಳಿಲ್ಲ. ಆ ಒಬ್ಬರು ಹೇಳಿದ್ದೂ ಕೆಲಸದ ಬಗ್ಗೆ ಅಲ್ಲ" ಅಂದರು. "ನಿದ್ದೆ ಬರ್ತಿಲ್ಲ ಕಣಮ್ಮ. ಆ ಪದ ತಲೇಲಿ ಕೂತುಬಿಟ್ಟಿದೆ. ನಾನು ಅಂಥವನಲ್ಲ, ಅಂಥವನಲ್ಲ ಅಂತ ವಾದ ಮಾಡ್ತಾನೇ ಇದೀನಿ. ಆಮೇಲೆ ಮಿಶಿನ್ ಆಫ್ ಮಾಡಿ ನಿಂತಿದ್ದೆ ಅಂದ್ಯಲ್ಲ, ಅದು ನೆನಪಾಗುತ್ತೆ. ವಾದ ಅಲ್ಲಿಗೆ ನಿಂತೋಗುತ್ತೆ."

ಪರವಾಗಿಲ್ಲ ಅನ್ನುವ ಮಾತು ಗಂಟಲವರೆಗೂ ಬಂದಿತ್ತು, ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ಅವರು ಎದ್ದು, "ಸೋಮವಾರದಿಂದ ಮುಂದೆ ಕೂತ್ಕೋ" ಅಂದರು. ಬಾಗಿಲವರೆಗೆ ಹೋಗಿ ತಿರುಗಿ, "ಕೂತ್ಕೋತೀಯಾ?" ಅಂತ ಕೇಳಿದರು.

ಕೂತ್ಕೋತೀನಿ ಅಂದೆ.

ಏಪ್ರಿಲ್ ೬, ಭಾನುವಾರ

ನಾದಿನಿ ಬಂದಿದ್ದಳು. ಅತ್ತೆ ಬೆಳಗಿನಿಂದ ಒಂದೇ ಜಾಗದಲ್ಲಿ ಕೂರಲಾರದೆ ಒಳಗೆ ಹೊರಗೆ ಓಡಾಡುತ್ತಿದ್ದರು. ಇವರನ್ನೂ ಕೂರಿಸಿಕೊಂಡು, ಇಬ್ಬರ ಎದುರಿಗೂ ಹಾಲಿನ ಲೋಟ, ಬೂಟು, ಬಸ್ಸು ಎಲ್ಲವನ್ನೂ ಹೇಳಿದರು. ಪದವನ್ನೂ ಹೇಳಿದರು.

ನಾದಿನಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು, "ನಂಗೆ ಗೊತ್ತಿತ್ತಮ್ಮ. ನಿಂಗೆ ಗೊತ್ತಿದೆಯಾ ಅಂತ ಮಾತ್ರ ಗೊತ್ತಿರಲಿಲ್ಲ" ಅಂದಳು. ಅತ್ತದ್ದು ಇವರು. ಮೂಗು ಸೀಟಿ, "ಆ ಪ್ರವಾಸದಲ್ಲಿ ನಾನು ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡೆ ಕಣೇ, ನೀನೇ ಹೋಗಬೇಕಿತ್ತು" ಅಂದರು. ನಾದಿನಿ ನಕ್ಕು ನಕ್ಕು ಸುಸ್ತಾದಳು. ಅತ್ತೆ ಇಬ್ಬರಿಗೂ ಬೈದರು.

ಮನೆ ಹಗುರಾಗಿದೆ.

ಏಪ್ರಿಲ್ ೭, ಸೋಮವಾರ

ಮುಂದೆ ಕೂತೆ. ಬೆಳಿಗ್ಗೆಯಿಂದ ಪುರುಸೊತ್ತಿಲ್ಲ, ಕೈ ನೋಯುತ್ತಿದೆ, ಸಾಕು.

ಏಪ್ರಿಲ್ ೧೧, ಶುಕ್ರವಾರ

ಈ ವಾರ ಮುಖಗಳದ್ದೇ ಜಾತ್ರೆ. ಒಬ್ಬ ಸಂಗೀತದ ಮೇಷ್ಟ್ರಿಗೆ ತಲೆ ಆಡಿಸಿದಾಗಲೆಲ್ಲ ಕನ್ನಡಕ ಹಾರಿ ಬೀಳುತ್ತಿತ್ತು, ಕಡ್ಡಿಯ ತುದಿ ಬಗ್ಗಿಸಿ ಕೊಟ್ಟೆ, ಅಂಗಡಿಯಲ್ಲೇ ಒಂದು ರಾಗ ತೆಗೆದು ಪರೀಕ್ಷೆ ಮಾಡಿದರು. ಪೋಸ್ಟ್ ಮಾಸ್ಟರು ಬಂದು, "ರಜೆ ಮುಗೀತಾ?" ಅಂದರು. ಯಜಮಾನರು ಕ್ಯಾಲೆಂಡರ್ ನೋಡಲು ಶುರುಮಾಡಿದರು. ಒಬ್ಬ ಅಜ್ಜಿ ಕನ್ನಡಿಯಲ್ಲಿ ನನ್ನ ಕೈ ನೋಡಿ, "ಇದೇನಮ್ಮ, ಸುಟ್ಟುಕೊಂಡ್ಯಾ?" ಅಂದರು. "ಇಲ್ಲಜ್ಜಿ, ತೊನ್ನು. ತಲೆ ಸ್ವಲ್ಪ ಈ ಕಡೆ ತಿರುಗಿಸಿ" ಅಂದೆ. ತಿರುಗಿಸಿದರು. ಅವರ ಮೂಗಿನ ಪ್ಯಾಡು ಸವೆದುಹೋಗಿತ್ತು, ಹೊಸದು ಹಾಕಿದೆ. ಸೆಕೆ ಜಾಸ್ತಿಯಾಗಿದೆ, ಈ ವಾರ ಗಿಡ್ಡ ತೋಳಿನ ಅಂಗಿಯನ್ನೇ ಹಾಕುತ್ತಿದ್ದೇನೆ.

ಮಧ್ಯಾಹ್ನದ ಮೇಲೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಕೋಟು, ದುಬಾರಿ ಬೆಲೆಯ ಫ್ರೇಮ್ ಆರಿಸಿದ್ದರು, ದೂರಕ್ಕೂ ಓದುವುದಕ್ಕೂ ಸೇರಿದ ಬೈಫೋಕಲ್. ಗೆರೆ ಎಲ್ಲಿ ಬರಬೇಕು ಎಂದು ಗುರುತು ಹಾಕಲು ನಾನು ಅವರ ಮುಂದೆ ಕೂತೆ. ಅವರು ನನ್ನ ಬೆರಳು ನೋಡಿದರು, ತುಟಿ ನೋಡಿದರು. ಎದ್ದು ನಿಂತರು. ನನ್ನ ತಲೆಯ ಮೇಲಿಂದ ಯಜಮಾನರ ಕಡೆ ನೋಡಿ, "ಬೇರೆಯವರನ್ನ ಕಳ್ಸಿ" ಅಂದರು.

ಕೂಲಿಂಗ್ ಗ್ಲಾಸ್ ಅರ್ಧ ಎದ್ದವನು ಯಜಮಾನರ ಮುಖ ನೋಡಿದ. ನಾನು ನೋಡಲಿಲ್ಲ. ಗುರುತಿನ ಪೆನ್ನು ಹಿಡಿದುಕೊಂಡು ಆ ಮನುಷ್ಯನನ್ನೇ ನೋಡುತ್ತಿದ್ದೆ.

"ಫಿಟ್ಟಿಂಗ್ ಮಾಡೋದು ಇವರೇ ಸರ್" ಅಂದರು ಯಜಮಾನರು. ಧ್ವನಿ ಸ್ವಲ್ಪ ಒಡೆದಿತ್ತು. ಕೆಮ್ಮಿ ಮತ್ತೆ ಹೇಳಿದರು. "ನಮ್ಮ ಅಂಗಡೀಲಿ ಇದು ಇವರ ಜಾಗ. ಕೂತ್ಕೊಳ್ಳಿ."

ಕೂಲಿಂಗ್ ಗ್ಲಾಸ್ ಕೂತುಕೊಂಡ. ಕೋಟಿನವರು ಕೂರಲಿಲ್ಲ. ಫ್ರೇಮನ್ನು ಗಾಜಿನ ಮೇಲಿಟ್ಟು, ಯಾರನ್ನೂ ನೋಡದೆ ಹೊರಟುಹೋದರು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಯಜಮಾನರು ಬಂದು ಆ ಫ್ರೇಮ್ ಎತ್ತಿಕೊಂಡು, ಬಟ್ಟೆಯಲ್ಲಿ ಒರೆಸುತ್ತಾ ನಿಂತರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಈ ಮಾತು ನಾನು ಅವತ್ತೇ ಹೇಳ್ಬೇಕಿತ್ತು" ಅಂದರು.

"ಹೌದು ಸರ್, ಹೇಳ್ಬೇಕಿತ್ತು" ಅಂದೆ. ಆಮೇಲೆ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಕರೆದು ಕೂರಿಸಿಕೊಂಡೆ.